ಧ್ವನಿಭಂಡಾರದ ನೆಲೆ

ಡಚ್ ಸಂಗೀತವಿದ್ವಾಂಸರಾದ ಆರ್ನಾಲ್ಡ್ ಬಾಕೆಯವರು 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸುತ್ತ, ಇಂದಿನ ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಸೇರಿದ ಸೀಮೆಗಳ ಹಾಡು, ವಾದ್ಯ, ಕುಣಿತಗಳ ಧ್ವನಿಯನ್ನು ಆ ಕಾಲಕ್ಕೆ ದೊರೆತ ಯಂತ್ರಗಳ ನೆರವಿನಿಂದ ಮುದ್ರಿಸಿಕೊಂಡರು. ನಲವತ್ತಾರು ವರ್ಷಗಳ ತರುವಾಯ, 1984ರಲ್ಲಿ, ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಎಂಬ ಇಬ್ಬರು ಸಂಶೋಧಕರು ಆ ಮುದ್ರಣಗಳ ಪ್ರತಿಗಳನ್ನು ಜೊತೆಗೊಯ್ದು ಅದೇ ಹಾದಿಯಲ್ಲಿ ಮತ್ತೆ ನಡೆದು, ಹಿಂದೆ ಹಾಡಿದ್ದವರ ವಂಶಜರನ್ನೂ ಶಿಷ್ಯರನ್ನೂ ಹುಡುಕಿ, ಆ ಕಲೆಗಳಲ್ಲಿ ಯಾವುದು ಉಳಿದಿದೆ, ಯಾವುದು ಮಾರ್ಪಟ್ಟಿದೆ, ಯಾವುದು ಅಳಿದಿದೆ ಎಂಬುದನ್ನು ವಿಚಾರಿಸಿದರು. ಒಂದು ಸಂಪ್ರದಾಯವನ್ನು ಅದರ ಹಿಂದಿನ ಸ್ವರೂಪದೊಡನೆ ಇಷ್ಟು ನೇರವಾಗಿ ಒರೆಹಚ್ಚಿ ನೋಡುವುದು ಸಾಧ್ಯವಾದುದು, ನಡುವಣ ಕಾಲದಲ್ಲೆಲ್ಲ ಆ ಧ್ವನಿಯನ್ನು ಬಲ್ಲವರು ಒಂದೆಡೆ ಜೋಪಾನವಾಗಿ ಇರಿಸಿದ್ದರೆಂಬ ಕಾರಣದಿಂದಲೇ.

ಬಾಕೆಯವರ ಸಂಗ್ರಹವು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಧ್ವನಿಭಂಡಾರದಲ್ಲಿದೆ. ಅದರ ಪ್ರತಿಯೊಂದು, 1982ರಲ್ಲಿ ಸ್ಥಾಪಿತವಾಗಿ ಈಗ ಗುರುಗ್ರಾಮದಲ್ಲಿರುವ ಅಮೆರಿಕನ್ ಇನ್ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯ ಸಂಗೀತ ಸಂಶೋಧನ ಕೇಂದ್ರದಲ್ಲಿದೆ. ಮೇಣದ ಉರುಳೆಯಿಂದ ಹಿಡಿದು ಕ್ಯಾಸೆಟ್ಟಿನವರೆಗೆ ಅರವತ್ತು ಲಕ್ಷಕ್ಕೂ ಮಿಗಿಲಾದ ಮುದ್ರಣಗಳುಳ್ಳ ಆ ಬ್ರಿಟಿಷ್ ಭಂಡಾರವು, 2015ರಲ್ಲಿ, ತನ್ನ ಒಡೆತನದ ಧ್ವನಿಗಳನ್ನು ಅಂಕರೂಪಕ್ಕೆ ತಿರುಗಿಸಿಕೊಳ್ಳಲು ಹದಿನೈದು ವರ್ಷಗಳಷ್ಟೇ ಅವಕಾಶ ಉಳಿದಿದೆಯೆಂದು ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಮೇಣಕ್ಕೆ ಬೂಸು ಹಿಡಿಯುತ್ತದೆ, ಅರಗಿನ ತಟ್ಟೆಯ ಲೇಪ ಬಿರಿಯುತ್ತದೆ, ಕಾಂತಪಟ್ಟಿಯ ಅಂಟು ಜಿಗುಟಾಗಿ ಕಳಚಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಬೇಗನೆ, ಅವುಗಳನ್ನು ನುಡಿಸತಕ್ಕ ಯಂತ್ರಗಳೂ ಆ ಯಂತ್ರಗಳನ್ನು ರಿಪೇರಿ ಮಾಡಬಲ್ಲ ಕೈಗಳೂ ಇಲ್ಲವಾಗುತ್ತವೆ. ಆದುದರಿಂದ ಲೋಕದ ಧ್ವನಿಭಂಡಾರಗಳೆಲ್ಲ ನಾದವನ್ನು ಸಂಖ್ಯೆಗಳಾಗಿ ಮಾರ್ಪಡಿಸುವ ಕಾರ್ಯದಲ್ಲಿ ತೊಡಗಿವೆ. ಸಂಖ್ಯೆಗೆ ಬೂಸು ಹಿಡಿಯದೆಂಬುದು ನಿಜ. ಆದರೆ ಸಂಖ್ಯೆಗೂ ನಿಲ್ಲಲೊಂದು ನೆಲೆ ಬೇಕು, ಆ ನೆಲೆಯು ಇಂದಿನ ಮಟ್ಟಿಗೆ ಬಹುಪಾಲು ಡಿಸ್ಕೇ ಆಗಿದೆ, ಮತ್ತು ಡಿಸ್ಕು ಮೇಣದಷ್ಟು ಕಾಲವೂ ಬಾಳುವ ವಸ್ತುವಲ್ಲ. ಸಾವಿರಾರು ಗಂಟೆಗಳ ಸಂಗೀತವನ್ನೋ ಭಾಷಣವನ್ನೋ ಜನಪದ ಕಥನವನ್ನೋ ಕೂಡಿಸಿಟ್ಟಿರುವ ಸಂಸ್ಥೆಗೂ ಗೃಹಸ್ಥನಿಗೂ ಸಮಾನವಾಗಿ ಎದುರಾಗುವ ಈ ಸಮಸ್ಯೆಯೇ ಪ್ರಕೃತ ಅಧ್ಯಾಯದ ವಿಷಯ.

ನಾದದ ಪರಿಮಾಣ

ಯಾವ ಡಿಸ್ಕನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಮುಂಚೆ, ಇಡಬೇಕಾದ ಸರಕು ಎಷ್ಟೆಂಬುದನ್ನು ಗಣಿಸಿಕೊಳ್ಳುವುದು ವಿಹಿತ. ಧ್ವನಿಯೆಂಬುದು ಗಾಳಿಯ ಒತ್ತಡದ ಏರಿಳಿತವಷ್ಟೆ. ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಅಳತೆಯ ಸಂಖ್ಯೆಗಳನ್ನು ಸಾಲಾಗಿ ಬರೆದಿಟ್ಟುದೇ ಅಂಕರೂಪದ ಧ್ವನಿ. ಕಂಪನವೊಂದನ್ನು ಲೋಪವಿಲ್ಲದೆ ಮರಳಿ ಕಟ್ಟಬೇಕಾದರೆ ಅದರ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕೆಂಬುದನ್ನು ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧವು ಗಣಿತದಿಂದ ಸ್ಥಾಪಿಸಿತು. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲುದಾದುದರಿಂದ, 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು ಸೆಕೆಂಡಿಗೆ 44,100 ಅಳತೆಗಳನ್ನು, ಒಂದೊಂದನ್ನು 16 ಬಿಟ್ಟುಗಳಲ್ಲಿ, ಎಡಬಲಗಳೆಂಬ ಎರಡು ವಾಹಿನಿಗಳಿಗೂ ಬೇರೆ ಬೇರೆಯಾಗಿ ಬರೆದಿಡುವ ಕ್ರಮವನ್ನು ಅಂಗೀಕರಿಸಿತು. ಈ ಮೂರನ್ನು ಗುಣಿಸಿದರೆ ಸೆಕೆಂಡಿಗೆ 1,76,400 ಬೈಟ್, ಗಂಟೆಗೆ ಸುಮಾರು 635 ಮೆಗಾಬೈಟ್ ದೊರೆಯುತ್ತದೆ.

ಧ್ವನಿಭಂಡಾರಗಳು ಇಷ್ಟಕ್ಕೆ ತೃಪ್ತವಾಗುವುದಿಲ್ಲ. ಧ್ವನಿ ಮತ್ತು ದೃಶ್ಯ ಭಂಡಾರಗಳ ಅಂತರರಾಷ್ಟ್ರೀಯ ಸಂಘವು ಹಳೆಯ ಮುದ್ರಣಗಳನ್ನು ಕನಿಷ್ಠಪಕ್ಷ 48,000 ಅಳತೆ, 24 ಬಿಟ್ಟುಗಳ ಕ್ರಮದಲ್ಲಿ ತಿರುಗಿಸಿಕೊಳ್ಳಬೇಕೆಂದು ವಿಧಿಸಿದೆ. 96,000 ಅಳತೆಗಳ ಕ್ರಮವೇ ಬಹುಮಟ್ಟಿಗೆ ಆಚರಣೆಯಲ್ಲಿದೆ. ಕಿವಿಗೆ ಕೇಳದ ಎತ್ತರದ ಕಂಪನಗಳನ್ನು ಹಿಡಿದಿಡುವುದು ವ್ಯರ್ಥವೆಂದು ತೋರಬಹುದು. ಆದರೆ ಗ್ರಾಮೊಫೋನ್ ತಟ್ಟೆಯ ಗೀರು, ಕಟಕಟ ಶಬ್ದ ಮುಂತಾದ ದೋಷಗಳ ಸುಳಿವು ಆ ಎತ್ತರದಲ್ಲಿಯೇ ಸ್ಪಷ್ಟವಾಗಿ ಸಿಕ್ಕುವುದರಿಂದ, ಮುಂದೊಂದು ದಿನ ನಾದವನ್ನು ಶೋಧಿಸಿ ತಿಳಿಯಾಗಿಸುವವನಿಗೆ ಅದು ದೊಡ್ಡ ಸಹಾಯ. ಈ ಕ್ರಮದಲ್ಲಿ ಒಂದು ಗಂಟೆಯ ಧ್ವನಿಗೆ 2 ಗಿಗಾಬೈಟಿಗೂ ಸ್ವಲ್ಪ ಹೆಚ್ಚು ಸ್ಥಳ ಬೇಕು. ಹತ್ತು ಸಾವಿರ ಗಂಟೆಗಳ ಸಂಗ್ರಹವೊಂದನ್ನು ಭಾವಿಸಿದರೆ, ಸಿ.ಡಿ.ಯ ಕ್ರಮದಲ್ಲಿ ಅದು ಸುಮಾರು 6.4 ಟೆರಾಬೈಟ್, ಭಂಡಾರದ ಕ್ರಮದಲ್ಲಿ ಸುಮಾರು 20.7 ಟೆರಾಬೈಟ್ ಆಗುತ್ತದೆ.

ಈ ಗಾತ್ರವನ್ನು ಸಂಕೋಚಿಸುವ ವಿಧಾನಗಳು ಎರಡು ಬಗೆ. ಎಂ.ಪಿ.3 ಮೊದಲಾದವು ಕಿವಿಯು ಗಮನಿಸಲಾರದೆಂದು ತಾವು ನಿರ್ಣಯಿಸಿದ ಅಂಶಗಳನ್ನು ತೊಡೆದುಹಾಕುತ್ತವೆ. ಅತ್ಯುನ್ನತ ದರ್ಜೆಯ ಎಂ.ಪಿ.3 ಗಂಟೆಗೆ 144 ಮೆಗಾಬೈಟಿನಲ್ಲಿ ಮುಗಿಯುತ್ತದೆಯಾದರೂ, ಒಮ್ಮೆ ತೊಡೆದುಹೋದುದು ಎಂದಿಗೂ ಮರಳಲಾರದು. 2001ರಲ್ಲಿ ಜೋಶ್ ಕೋಲ್ಸನ್ ಪ್ರಕಟಪಡಿಸಿದ ಫ್ಲ್ಯಾಕ್ ಎಂಬ ವಿಧಾನವಾದರೋ, ಮುಂದಿನ ಅಳತೆ ಎಷ್ಟಿರಬಹುದೆಂಬುದನ್ನು ಹಿಂದಿನ ಅಳತೆಗಳಿಂದ ಊಹಿಸಿ, ಊಹೆಗೂ ವಾಸ್ತವಕ್ಕೂ ಇರುವ ಅಲ್ಪ ಅಂತರವನ್ನು ಮಾತ್ರ ಬರೆದಿಡುತ್ತದೆ. ಇದರಿಂದ ಸಾಮಾನ್ಯವಾಗಿ ಮೂಲದ ಅರ್ಧದಿಂದ ಮೂರನೆಯ ಎರಡು ಭಾಗದಷ್ಟು ಸ್ಥಳ ಸಾಕಾಗುತ್ತದೆ; ಬಿಚ್ಚಿದಾಗ ಒಂದು ಬಿಟ್ಟಿನ ವ್ಯತ್ಯಾಸವೂ ಇಲ್ಲದೆ ಮೂಲವೇ ದೊರೆಯುತ್ತದೆ. ಅದರ ರಚನಾನಿಯಮಗಳು ಮೊದಲಿನಿಂದಲೂ ಬಹಿರಂಗವಾಗಿದ್ದು, 2024ರಲ್ಲಿ ಅಂತರಜಾಲದ ಅಧಿಕೃತ ಮಾನಕಗಳ ಸಾಲಿಗೂ ಸೇರಿರುವುದರಿಂದ, ಐವತ್ತು ವರ್ಷಗಳ ಮೇಲೆ ಅದನ್ನು ಓದಬಲ್ಲವರಿಲ್ಲವಾದಾರೆಂಬ ಭಯಕ್ಕೆ ಆಸ್ಪದವಿಲ್ಲ. ಭಂಡಾರದಲ್ಲಿ ಇರಬೇಕಾದುದು ಇಂಥ ಲೋಪರಹಿತ ರೂಪವೇ, ಎಂ.ಪಿ.3 ಪ್ರತಿಯು ದಾರಿಯಲ್ಲಿ ಕೇಳಲು ಫೋನಿನಲ್ಲಿರಲಿ.

ಸ್ಥಳವನ್ನು ಲೆಕ್ಕ ಹಾಕುವವನು ಇನ್ನೊಂದು ವಿಷಯವನ್ನು ಮರೆಯಲಾಗದು. ಡಿಸ್ಕಿನ ಪೆಟ್ಟಿಗೆಯ ಮೇಲೆ ಮುದ್ರಿತವಾದ ಟೆರಾಬೈಟೆಂದರೆ ಲಕ್ಷ ಕೋಟಿ ಬೈಟ್. ಕೆಲವು ಕಂಪ್ಯೂಟರುಗಳು ಎಣಿಸುವುದು ಎರಡರ ಘಾತಗಳಲ್ಲಿ. ಆದುದರಿಂದ 20 ಟೆರಾಬೈಟಿನ ಡಿಸ್ಕು ತೆರೆಯ ಮೇಲೆ 18.2 ಎಂದು ಕಾಣಿಸಿಕೊಂಡರೆ ಅಂಗಡಿಯವನು ವಂಚಿಸಿದನೆಂದು ಭಾವಿಸಬೇಕಾಗಿಲ್ಲ. ಸಂಗ್ರಹವು ವರ್ಷಕ್ಕೆ ಎಷ್ಟು ಬೆಳೆಯುವುದೆಂದು ಅಂದಾಜು ಮಾಡಿ, ಐದು ವರ್ಷಗಳ ಬೆಳವಣಿಗೆಗೆ ಎಡೆಯಿಟ್ಟು, ಅದರ ಮೇಲೂ ಕೊಂಚ ಬಿಡುವು ಇರಿಸಿಕೊಳ್ಳುವುದು ಲೇಸು.

ವೇಗದ ವಿಚಾರ

ಡಿಸ್ಕಿನ ಆಯ್ಕೆಯಲ್ಲಿ ಜನರು ಬಹುಶಃ ಎಲ್ಲಕ್ಕಿಂತ ಮೊದಲು ವಿಚಾರಿಸುವುದು ವೇಗವನ್ನು. ಧ್ವನಿಯ ಮಟ್ಟಿಗೆ ಎಲ್ಲಕ್ಕಿಂತ ಕಡಮೆ ಬೇಕಾದುದೂ ಅದೇ. 96,000 ಅಳತೆ, 24 ಬಿಟ್ಟುಗಳ ನಾದವನ್ನು ಇದ್ದ ಹಾಗೆಯೇ ನುಡಿಸಲು ಸೆಕೆಂಡಿಗೆ 0.576 ಮೆಗಾಬೈಟ್ ಸಾಕು. ಸಾಧಾರಣ ದೊಡ್ಡ ಹಾರ್ಡ್ ಡಿಸ್ಕು ಸಾಲಾಗಿ ಓದುವಾಗ ಸೆಕೆಂಡಿಗೆ 150ರಿಂದ 250 ಮೆಗಾಬೈಟನ್ನು ಒದಗಿಸುತ್ತದೆ, ಅಂದರೆ ಬೇಕಾದುದರ ಇನ್ನೂರೈವತ್ತು ಪಟ್ಟಿಗೂ ಮಿಗಿಲಾಗಿ. ಸಿನಿಮಾ ಸಂಕಲನಕಾರನಿಗೂ ಬ್ಯಾಂಕಿನ ಲೆಕ್ಕಪತ್ರಕ್ಕೂ ಅತ್ಯವಶ್ಯವಾದ ವೇಗಕ್ಕೆ ಧ್ವನಿಭಂಡಾರದ ಯಜಮಾನನು ಬೆಲೆ ತೆರಬೇಕಾದ ಕಾರಣವೇ ಇಲ್ಲ. ಆ ಹಣವನ್ನು ಅವನು ಮತ್ತೊಂದು ಪ್ರತಿಗೆ ವಿನಿಯೋಗಿಸಬಹುದು.

ಇದಕ್ಕೆ ಅಪವಾದವೊಂದುಂಟು. ಲಕ್ಷ ಫೈಲುಗಳ ನಡುವೆ ಒಂದು ರಾಗವನ್ನೋ ಗಾಯಕನನ್ನೋ ಹುಡುಕುವಾಗ, ಕಂಪ್ಯೂಟರು ಓದಬೇಕಾದುದು ನಾದವನ್ನಲ್ಲ, ಹೆಸರು, ಇಸವಿ, ಚಿತ್ರ ಮೊದಲಾದ ಚಿಕ್ಕ ಚಿಕ್ಕ ತುಣುಕುಗಳನ್ನು. ಅವು ಡಿಸ್ಕಿನ ಉದ್ದಗಲಕ್ಕೂ ಚೆದರಿರುವುದರಿಂದ ತಿರುಗುವ ಡಿಸ್ಕಿಗೆ ಇದು ಪ್ರಯಾಸದ ಕೆಲಸ. ಆದಕಾರಣ ಗ್ರಂಥಾಲಯದ ಸೂಚಿಯನ್ನು ತಿರುಗುವ ಭಾಗಗಳಿಲ್ಲದ ಒಂದು ಸಣ್ಣ ಎಸ್.ಎಸ್.ಡಿ.ಯಲ್ಲಿಯೂ ನಾದದ ಫೈಲುಗಳನ್ನು ದೊಡ್ಡ ಹಾರ್ಡ್ ಡಿಸ್ಕುಗಳಲ್ಲಿಯೂ ಇಡುವ ಪದ್ಧತಿ ಯುಕ್ತವಾದುದು. ತಿರುಗುವ ಡಿಸ್ಕುಗಳ ಸದ್ದು ಆಲಾಪದ ಮೌನಗಳನ್ನು ಕೆಡಿಸಬಾರದೆಂಬುದಕ್ಕಾಗಿ, ಅವುಗಳ ಪೆಟ್ಟಿಗೆಯನ್ನು ಬೇರೆ ಕೋಣೆಯಲ್ಲಿರಿಸಿ ತಂತಿಯ ಮೂಲಕ ಮನೆಯ ಜಾಲಕ್ಕೆ ಜೋಡಿಸುವುದು ಒಳ್ಳೆಯದು.

ಬೆಲೆಬಾಳುವ ಡಿಸ್ಕಿನಿಂದ ನುಡಿಸಿದರೆ ಸಂಗೀತವು ಹೆಚ್ಚು ಇಂಪಾಗುವುದೆಂಬ ನಂಬಿಕೆಯೊಂದು ರಸಿಕರಲ್ಲಿ ಹಬ್ಬಿದೆ. ಡಿಸ್ಕಿನಿಂದ ಬಂದ ಸಂಖ್ಯೆಗಳು ಮೊದಲು ಕಂಪ್ಯೂಟರಿನ ಸ್ಮೃತಿಯಲ್ಲಿ ತಂಗಿ, ಅಲ್ಲಿಂದ, ಸಂಖ್ಯೆಯನ್ನು ವಿದ್ಯುತ್ತಿನ ಅಲೆಯಾಗಿಸುವ ಯಂತ್ರಕ್ಕೆ ಅದರದೇ ಗಡಿಯಾರದ ತಾಳಕ್ಕೆ ಸರಿಯಾಗಿ ಸಾಗುತ್ತವೆ. ಅದೇ ಸಂಖ್ಯೆಗಳು ಬಂದಿರುವಾಗ ನಾದವೂ ಅದೇ ಆಗಿರುತ್ತದೆ. ಡಿಸ್ಕಿನ ಗುಣವು ಪ್ರಕಟವಾಗತಕ್ಕದ್ದು ಇಂದಿನ ಇಂಪಿನಲ್ಲಲ್ಲ, ಹತ್ತು ವರ್ಷಗಳ ಮೇಲೆ ಆ ಸಂಖ್ಯೆಗಳು ಇದ್ದಾವೆಯೆ ಎಂಬುದರಲ್ಲಿ.

ಡಿಸ್ಕಿನ ಒಳಗೆ

1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಲೋಕಕ್ಕೆ ಒಪ್ಪಿಸಿದ ಮೊದಲ ಹಾರ್ಡ್ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ ಐವತ್ತು ತಟ್ಟೆಗಳಿದ್ದವು. ಅವೆಲ್ಲ ಕೂಡಿ ಧರಿಸಿದುದು ಆರು ಬಿಟ್ಟುಗಳ ಐವತ್ತು ಲಕ್ಷ ಅಕ್ಷರಗಳನ್ನು. ಸಿ.ಡಿ.ಯ ಕ್ರಮದಲ್ಲಿ ಇದು ಇಪ್ಪತ್ತೊಂದು ಸೆಕೆಂಡುಗಳ ನಾದಕ್ಕೆ ಸರಿ. ಇಂದು ಅಂಗೈಯಲ್ಲಿ ಹಿಡಿಯಬಹುದಾದ 20 ಟೆರಾಬೈಟಿನ ಡಿಸ್ಕಿನಲ್ಲಿ ಅದೇ ಕ್ರಮದ ಮೂವತ್ತೊಂದು ಸಾವಿರ ಗಂಟೆಗಳ ನಾದ ಹಿಡಿಯುತ್ತದೆ. ಈ ವೃದ್ಧಿಯು ಒಂದೇ ಆವಿಷ್ಕಾರದ ಫಲವಲ್ಲವಾದರೂ, 1988ರಲ್ಲಿ ಆಲ್ಬೆರ್ ಫೆರ್ ಮತ್ತು ಪೀಟರ್ ಗ್ರ್ಯುನ್‌ಬೆರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದು 2007ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕಕ್ಕೆ ಪಾತ್ರವಾದ ತತ್ತ್ವವು ಇದರಲ್ಲಿ ಪ್ರಧಾನವಾದುದು. ಕೆಲವೇ ಪರಮಾಣುಗಳಷ್ಟು ತೆಳುವಾದ ಲೋಹಪದರಗಳನ್ನು ಒಂದರ ಮೇಲೊಂದು ಹಾಸಿದಾಗ, ಅತಿ ದುರ್ಬಲವಾದ ಕಾಂತಕ್ಷೇತ್ರವೂ ಅವುಗಳ ವಿದ್ಯುತ್ ಪ್ರತಿರೋಧವನ್ನು ಗಣನೀಯವಾಗಿ ಮಾರ್ಪಡಿಸುತ್ತದೆಂಬ ಈ ತತ್ತ್ವದಿಂದ, ತಟ್ಟೆಯ ಮೇಲಿನ ಕಾಂತಬಿಂದುಗಳು ಎಷ್ಟು ಕಿರಿದಾದರೂ ಓದಬಲ್ಲ ಸೂಕ್ಷ್ಮಶಿರವು ಸಾಧ್ಯವಾಯಿತು.

ಆ ಶಿರವು, ನಿಮಿಷಕ್ಕೆ 5,400 ಅಥವಾ 7,200 ಸುತ್ತುಗಳ ವೇಗದಲ್ಲಿ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ಓಡುತ್ತಿರುವ ಡಿಸ್ಕನ್ನು ಅಲುಗಿಸಬಾರದೆಂಬ ಎಚ್ಚರಿಕೆಯ ಕಾರಣ ಇದೇ. ತಟ್ಟೆಗಳನ್ನು ತೆಳ್ಳಗಾಗಿಸಿ ಹೆಚ್ಚು ಸಂಖ್ಯೆಯಲ್ಲಿ ಅಡಕಬೇಕೆಂಬ ಉದ್ದೇಶದಿಂದ 2013ರಿಂದೀಚೆಗೆ ದೊಡ್ಡ ಡಿಸ್ಕುಗಳಲ್ಲಿ ಗಾಳಿಗೆ ಬದಲು ಹೀಲಿಯಂ ಅನಿಲವನ್ನು ತುಂಬಿ ಬಂಧಿಸುತ್ತಾರೆ. ಗಾಳಿಯ ಏಳರಲ್ಲೊಂದು ಪಾಲು ಸಾಂದ್ರತೆಯ ಆ ಅನಿಲದಲ್ಲಿ ತಟ್ಟೆಗಳ ಕಂಪನ, ಶಾಖ, ವಿದ್ಯುತ್ತಿನ ಖರ್ಚು ಮೂರೂ ಕಡಮೆ.

ಕೊಳ್ಳುವವನು ವಿಚಾರಿಸಲೇಬೇಕಾದ ಇನ್ನೊಂದು ಭೇದವಿದೆ. ಕೆಲವು ಡಿಸ್ಕುಗಳಲ್ಲಿ ಬರೆಹದ ಪಥಗಳು ಒಂದರ ಪಕ್ಕಕ್ಕೊಂದು ಬಿಡಿಯಾಗಿರುತ್ತವೆ. ಇನ್ನು ಕೆಲವದರಲ್ಲಿ, ಮಂಗಳೂರು ಹಂಚಿನ ಮಾಡಿನಲ್ಲಿ ಮೇಲಿನ ಸಾಲು ಕೆಳಗಿನ ಸಾಲಿನ ಅಂಚನ್ನು ಮುಚ್ಚಿಕೊಂಡಿರುವಂತೆ, ಒಂದು ಪಥವು ಹಿಂದಿನದರ ಮೇಲೆ ಅಂಶತಃ ಚಾಚಿರುತ್ತದೆ. ಓದುವ ಶಿರಕ್ಕಿಂತ ಬರೆಯುವ ಶಿರವು ಅಗಲವಾಗಿರುವುದರಿಂದ ಸಾಧ್ಯವಾಗುವ ಈ ಯುಕ್ತಿಯು ಸ್ಥಳವನ್ನು ಉಳಿಸುತ್ತದೆ. ಆದರೆ ನಡುವಣ ಒಂದು ಪಥವನ್ನು ತಿದ್ದಬೇಕಾದರೆ ಅದರ ಮುಂದಿನವನ್ನೆಲ್ಲ ತೆಗೆದು ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ಬರೆದು ಬಹುಕಾಲ ಓದುವುದೇ ಧ್ವನಿಸಂಗ್ರಹದ ಸ್ವಭಾವವಾದುದರಿಂದ, ಕಪಾಟಿನಲ್ಲಿಡುವ ಒಂಟಿ ಪ್ರತಿಗೆ ಇಂಥ ಡಿಸ್ಕು ಅನರ್ಹವಲ್ಲ. ಹಲವು ಡಿಸ್ಕುಗಳ ಜೋಡಣೆಯಲ್ಲಿ ಮಾತ್ರ, ಸತ್ತ ಡಿಸ್ಕಿನ ಸ್ಥಾನವನ್ನು ತುಂಬುವಾಗ ಅದರ ನಿಧಾನವು ಅಪಾಯಕ್ಕೆ ಎಡೆಗೊಡುತ್ತದೆ. ಅಲ್ಲಿ ಬಿಡಿಪಥದ ಡಿಸ್ಕನ್ನೇ ಬಳಸಬೇಕು.

ತಿರುಗುವ ಭಾಗಗಳೇ ಇಲ್ಲದ ಎಸ್.ಎಸ್.ಡಿ.ಯು ಪೆಟ್ಟಿಗೂ ಕಂಪನಕ್ಕೂ ಅಂಜದು, ಸದ್ದನ್ನೂ ಮಾಡದು. ಅದರಲ್ಲಿ ಮಾಹಿತಿ ನಿಂತಿರುವುದು ಅವಾಹಕದ ಗೋಡೆಗಳ ನಡುವೆ ಸೆರೆಯಾದ ವಿದ್ಯುತ್ಕಣಗಳ ರೂಪದಲ್ಲಿ. ಆ ಕಣಗಳು ಕಾಲಕ್ರಮದಲ್ಲಿ, ಅದರಲ್ಲಿಯೂ ಶಾಖ ಹೆಚ್ಚಿದಷ್ಟೂ ಬೇಗನೆ, ಸೋರಿಹೋಗುತ್ತವೆ. ಬರೆಹದ ಆಯುಸ್ಸು ತೀರಿದ ಸಾಮಾನ್ಯ ಎಸ್.ಎಸ್.ಡಿ.ಯೊಂದು ವಿದ್ಯುತ್ತಿಲ್ಲದೆ 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ಮಾಹಿತಿಯನ್ನು ಹಿಡಿದಿದ್ದರೆ ಸಾಕೆಂದು ಆ ಉದ್ಯಮದ ಮಾನಕವೇ ಹೇಳುತ್ತದೆ. ಹೊಸ ಎಸ್.ಎಸ್.ಡಿ. ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುವುದು ದಿಟ. ಆದರೂ ಬರೆದು ಬೀರುವಿನಲ್ಲಿಟ್ಟು ಮರೆತುಬಿಡುವ ಪ್ರತಿಗೆ ಅದು ತಕ್ಕ ಸಾಧನವಲ್ಲ.

ಅಳಿವಿನ ಗಣಿತ

ಡಿಸ್ಕಿನ ವಿವರಪತ್ರದಲ್ಲಿ, ಕೆಡುವುದಕ್ಕೆ ಮುನ್ನಿನ ಸರಾಸರಿ ಕಾಲವು ಹತ್ತು ಲಕ್ಷ ಗಂಟೆಗಳೆಂದು ಬರೆದಿರುವುದನ್ನು ಕಾಣುತ್ತೇವೆ. ಹತ್ತು ಲಕ್ಷ ಗಂಟೆಯೆಂದರೆ ನೂರಹದಿನಾಲ್ಕು ವರ್ಷ. ಆದರೆ ಯಾವ ಡಿಸ್ಕೂ ಅಷ್ಟು ಬಾಳುವುದೆಂದು ಇದರ ಅಭಿಪ್ರಾಯವಲ್ಲ. ಅಸಂಖ್ಯ ಡಿಸ್ಕುಗಳನ್ನು ಒಟ್ಟಿಗೆ ಓಡಿಸಿದರೆ, ವರ್ಷಕ್ಕೆ ನೂರರಲ್ಲಿ 0.88ರಷ್ಟು ಕೆಡುವುವೆಂಬುದಷ್ಟೇ ಅದರ ಅರ್ಥ. ವಾಸ್ತವದಲ್ಲಿ ಈ ಪ್ರಮಾಣವೂ ಆಶಾವಾದದ್ದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಎಂಬವರು ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆಗಳನ್ನು ಪರಿಶೀಲಿಸಿ, ವರ್ಷಕ್ಕೆ ನೂರಕ್ಕೆ ಎರಡರಿಂದ ನಾಲ್ಕು ಡಿಸ್ಕುಗಳನ್ನು ಬದಲಾಯಿಸಬೇಕಾಗಿ ಬರುವುದು ಸಾಮಾನ್ಯವೆಂದು 2007ರಲ್ಲಿ ಪ್ರಕಟಿಸಿದರು. ಅದೇ ವರ್ಷ ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿನ ಲಕ್ಷಕ್ಕೂ ಮಿಗಿಲಾದ ಡಿಸ್ಕುಗಳ ಅನುಭವವನ್ನು ಹೇಳಿದರು. ತಟ್ಟೆಯ ಪರೀಕ್ಷೆಯಲ್ಲಿ ಮೊದಲ ದೋಷವನ್ನು ತೋರಿದ ಡಿಸ್ಕು, ಅದನ್ನು ತೋರದ ಡಿಸ್ಕಿಗಿಂತ, ಮುಂದಿನ ಅರವತ್ತು ದಿನಗಳೊಳಗೆ ಕೆಡುವ ಸಂಭವ ಮೂವತ್ತೊಂಬತ್ತು ಪಟ್ಟು ಹೆಚ್ಚೆಂದು ಅವರು ಕಂಡುಕೊಂಡರು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಪ್ರಮುಖವಾದ ನಾಲ್ಕು ಸೂಚಕಗಳಲ್ಲಿ ಒಂದನ್ನೂ ಮುಂಚಿತವಾಗಿ ತೋರಿರಲಿಲ್ಲವೆಂಬುದೂ ಅದೇ ಪರಿಶೀಲನೆಯಿಂದ ತಿಳಿಯಿತು. ಎಚ್ಚರಿಕೆಯ ಗಂಟೆ ಬಾರಿಸಿದಾಗ ಡಿಸ್ಕನ್ನು ಕೂಡಲೆ ಬದಲಾಯಿಸಬೇಕು, ಗಂಟೆ ಬಾರಿಸಲಿಲ್ಲವೆಂದು ನಿಶ್ಚಿಂತರಾಗಲಾಗದು ಎಂಬ ಎರಡು ಪಾಠಗಳೂ ಇದರಲ್ಲಿವೆ.

ಇನ್ನು ಗಣಿತದ ಸಹಾಯದಿಂದ ಯೋಚಿಸೋಣ. ಒಂದು ಡಿಸ್ಕು ವರ್ಷದಲ್ಲಿ ಕೆಡುವ ಸಂಭವ ನೂರಕ್ಕೆ ಎರಡೆಂದಿಟ್ಟುಕೊಂಡರೆ, ಎರಡು ಡಿಸ್ಕುಗಳೂ ಅದೇ ವರ್ಷದಲ್ಲಿ ಕೆಡುವ ಸಂಭವ ಹತ್ತು ಸಾವಿರಕ್ಕೆ ನಾಲ್ಕು, ಮೂರೂ ಕೆಡುವ ಸಂಭವ ಹತ್ತು ಲಕ್ಷಕ್ಕೆ ಎಂಟು. ಯಾವ ಕಂಪನಿಯೂ ತನ್ನ ಡಿಸ್ಕನ್ನು ನೂರು ಪಟ್ಟು ಉತ್ತಮಗೊಳಿಸಲಾರದು. ಸಾಧಾರಣವಾದ ಇನ್ನೊಂದೆರಡು ಡಿಸ್ಕುಗಳು ಅದನ್ನು ಅನಾಯಾಸವಾಗಿ ಸಾಧಿಸುತ್ತವೆ. ಆದರೆ ಈ ಗುಣಾಕಾರಕ್ಕೆ ಆಧಾರವಾದ ನಿಬಂಧನೆಯೊಂದಿದೆ: ಒಂದರ ಅಳಿವಿಗೂ ಮತ್ತೊಂದರ ಅಳಿವಿಗೂ ಸಂಬಂಧವಿರಕೂಡದು. ಎರಡು ಡಿಸ್ಕುಗಳೂ ಒಂದೇ ಕಾರ್ಖಾನೆಯ ಒಂದೇ ತಂಡದಲ್ಲಿ ತಯಾರಾಗಿ, ಒಂದೇ ಪೆಟ್ಟಿಗೆಯಲ್ಲಿ ಕುಳಿತು, ಒಂದೇ ವಿದ್ಯುತ್ತಿನ ತಂತಿಯಿಂದ ಓಡುತ್ತಿದ್ದರೆ, ಮಳೆಗಾಲದ ಒಂದು ಸಿಡಿಲು ಎರಡನ್ನೂ ಒಂದೇ ಕ್ಷಣದಲ್ಲಿ ಸುಟ್ಟೀತು. ಆಗ ಆ ಗುಣಾಕಾರವೆಲ್ಲ ಕಾಗದದ ಮೇಲಿನ ಮಾತಾಗುತ್ತದೆ. ಪ್ರತಿಗಳು ಎಷ್ಟೆಂಬುದಕ್ಕಿಂತಲೂ, ಅವು ಪರಸ್ಪರ ಎಷ್ಟು ಸ್ವತಂತ್ರವೆಂಬುದೇ ಮುಖ್ಯ. ಈ ಅಧ್ಯಾಯದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಜೋಡಣೆಯೂ ಪ್ರತಿಯೂ

ಮೇಲೆ ಹೇಳಿದ ಗಾರ್ತ್ ಗಿಬ್ಸನ್ ಅವರೇ, ಡೇವಿಡ್ ಪ್ಯಾಟರ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಅವರೊಡನೆ, ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಿಂದ 1988ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ ದುಬಾರಿಯಾದ ಒಂದಕ್ಕಿಂತ ಹೆಚ್ಚು ವಿಶ್ವಾಸಾರ್ಹವಾದ ವ್ಯವಸ್ಥೆಯನ್ನು ಕಟ್ಟಬಹುದೆಂದು ಪ್ರತಿಪಾದಿಸಿದರು. ರೇಡ್ ಎಂದು ಹೆಸರಾದ ಈ ಜೋಡಣೆಯ ತತ್ತ್ವ ಸರಳವಾದುದು. ಮೂರು ಡಿಸ್ಕುಗಳ ಒಂದೇ ಸ್ಥಾನದಲ್ಲಿರುವ ಬಿಟ್ಟುಗಳು 1, 0, 1 ಆಗಿದ್ದರೆ, ಅವುಗಳಲ್ಲಿ ಒಂದರ ಸಂಖ್ಯೆ ಸಮವಾದುದರಿಂದ ನಾಲ್ಕನೆಯ ಡಿಸ್ಕಿನಲ್ಲಿ 0 ಎಂದು ಬರೆಯುತ್ತೇವೆ. ಬೆಸವಾಗಿದ್ದರೆ 1 ಎಂದು ಬರೆಯುತ್ತಿದ್ದೆವು. ನಾಲ್ಕರಲ್ಲಿ ಯಾವುದು ಕಳೆದುಹೋದರೂ, ಉಳಿದ ಮೂರನ್ನು ನೋಡಿ ಅದರಲ್ಲಿ ಏನಿತ್ತೆಂದು ತಪ್ಪದೆ ಹೇಳಬಹುದು.

ಡಿಸ್ಕುಗಳು ಬೆಳೆದಂತೆ ಈ ಜೋಡಣೆಯ ದೌರ್ಬಲ್ಯವೂ ಹೊರಬಿದ್ದಿತು. 20 ಟೆರಾಬೈಟಿನ ಡಿಸ್ಕೊಂದು ಸತ್ತಾಗ ಹೊಸದನ್ನು ತುಂಬಲು, ಸೆಕೆಂಡಿಗೆ 200 ಮೆಗಾಬೈಟಿನ ವೇಗದಲ್ಲಿ ಎಡೆಬಿಡದೆ ಬರೆದರೂ, ಇಪ್ಪತ್ತೆಂಟು ಗಂಟೆಗಳು ಹಿಡಿಯುತ್ತವೆ. ಆ ಅವಧಿಯಲ್ಲೆಲ್ಲ ಉಳಿದ ಡಿಸ್ಕುಗಳನ್ನು ಆದಿಯಿಂದ ಅಂತ್ಯದವರೆಗೆ ಓದಬೇಕು. ಸಾಮಾನ್ಯ ಡಿಸ್ಕುಗಳ ವಿವರಪತ್ರದಲ್ಲಿ, ಒಂದರ ಮುಂದೆ ಹದಿನಾಲ್ಕು ಸೊನ್ನೆಗಳಷ್ಟು ಬಿಟ್ಟುಗಳನ್ನು ಓದಿದಾಗ ಒಂದು ಬಾರಿ ಓದಲಾಗದ ಸ್ಥಳವು ಎದುರಾದೀತೆಂಬ ಮಿತಿಯನ್ನು ಬರೆದಿರುತ್ತಾರೆ. ಅಷ್ಟು ಬಿಟ್ಟುಗಳೆಂದರೆ 12.5 ಟೆರಾಬೈಟ್ ಮಾತ್ರ. ಡಿಸ್ಕುಗಳು ಈ ಮಿತಿಗಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆಂಬುದು ಸಮಾಧಾನದ ಮಾತಾದರೂ, ದೊಡ್ಡ ಡಿಸ್ಕುಗಳ ಜೋಡಣೆಯಲ್ಲಿ ಎರಡು ಡಿಸ್ಕುಗಳ ನಷ್ಟವನ್ನು ತಡೆದುಕೊಳ್ಳಬಲ್ಲ ಕ್ರಮವನ್ನು ಆರಿಸಿಕೊಳ್ಳುವುದು ವಿವೇಕ.

ಇಷ್ಟಾದರೂ ರೇಡ್ ಜೋಡಣೆಯು ಪ್ರತಿಯ ಸ್ಥಾನವನ್ನು ಪಡೆಯಲಾರದು. ಯಜಮಾನನೇ ಕೈತಪ್ಪಿ ಒಂದು ಫೋಲ್ಡರನ್ನು ಅಳಿಸಿದರೆ ಆ ಅಳಿಸುವಿಕೆಯು ಅದೇ ಕ್ಷಣದಲ್ಲಿ ಜೋಡಣೆಗೆಲ್ಲ ವ್ಯಾಪಿಸುತ್ತದೆ. ಕಳ್ಳನು ಪೆಟ್ಟಿಗೆಯನ್ನೇ ಹೊತ್ತೊಯ್ದಾಗ ನಾಲ್ಕು ಡಿಸ್ಕುಗಳೂ ಒಟ್ಟಿಗೆ ಹೋಗುತ್ತವೆ. ಒಂದು ಡಿಸ್ಕು ಕೆಟ್ಟ ದಿನವೂ ಸೇವೆ ನಿಲ್ಲದಂತೆ ನೋಡಿಕೊಳ್ಳುವುದು ಜೋಡಣೆಯ ಕೆಲಸ. ಸಂಗ್ರಹವು ಅಳಿಯದಂತೆ ನೋಡಿಕೊಳ್ಳುವುದು ಪ್ರತಿಯ ಕೆಲಸ. ನಾಲ್ಕು ಡಿಸ್ಕುಗಳಿಗೆ ಮಾತ್ರ ಹಣವಿರುವವನು, ನಾಲ್ಕನ್ನೂ ಒಂದೇ ಪೆಟ್ಟಿಗೆಗೆ ಹಾಕುವುದಕ್ಕಿಂತ, ಎರಡನ್ನು ಮನೆಯಲ್ಲಿಯೂ ಎರಡನ್ನು ಬೇರೆ ಬೇರೆ ಸ್ಥಳಗಳಲ್ಲಿಯೂ ಇಡುವುದು ಮೇಲು.

ಸದ್ದಿಲ್ಲದ ಕೇಡು

ಡಿಸ್ಕು ಒಮ್ಮೆಗೇ ಸತ್ತರೆ ಯಜಮಾನನಿಗೆ ತಿಳಿಯುತ್ತದೆ. ಅದಕ್ಕಿಂತ ಕುಟಿಲವಾದುದು, ಎಲ್ಲಿಯೋ ಒಂದು ಬಿಟ್ಟು ತಿರುವುಮುರುವಾಗಿ, ಯಾವ ಸೂಚನೆಯೂ ಇಲ್ಲದೆ, ಕೆಟ್ಟ ಫೈಲೇ ಒಳ್ಳೆಯ ಪ್ರತಿಯ ಮೇಲೆ ನಕಲಾಗಿ ಕೂರುವ ಬಗೆ. ಹತ್ತು ಸಾವಿರ ಗಂಟೆಗಳ ನಾದವನ್ನು ಹಗಲುರಾತ್ರಿ ಕೇಳಿ ಪರೀಕ್ಷಿಸಿದರೂ ಒಂದು ವರ್ಷಕ್ಕೆ ಮುಗಿಯದು. ಆದುದರಿಂದ ಈ ಪರೀಕ್ಷೆಯನ್ನು ಗಣಿತಕ್ಕೆ ವಹಿಸಬೇಕು. ಫೈಲಿನ ಬೈಟುಗಳನ್ನೆಲ್ಲ ಒಂದು ನಿಯತವಾದ ಸೂತ್ರದಲ್ಲಿ ಅರೆದು ಪಡೆದ ಕಿರಿದಾದ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡು, ಕಾಲಕಾಲಕ್ಕೆ ಅದೇ ಲೆಕ್ಕವನ್ನು ಮರಳಿ ಮಾಡಿ ನೋಡಿದರೆ, ಒಂದು ಬಿಟ್ಟು ಬದಲಾಗಿದ್ದರೂ ಉತ್ತರವು ಸಂಪೂರ್ಣ ಭಿನ್ನವಾಗಿ ಬರುತ್ತದೆ. 2005ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಸಂಸ್ಥೆಯು ಬಹಿರಂಗಗೊಳಿಸಿದ ಝಡ್.ಎಫ್.ಎಸ್. ಮುಂತಾದ ಕಡತವ್ಯವಸ್ಥೆಗಳು ಈ ಪರಿಶೀಲನೆಯನ್ನು ತಾವಾಗಿಯೇ ನಡೆಸಿ, ಕೆಟ್ಟುದನ್ನು ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯಿಂದ ತಿದ್ದಿಕೊಳ್ಳುತ್ತವೆ. ಧ್ವನಿಸಂಗ್ರಾಹಕನ ಅದೃಷ್ಟಕ್ಕೆ, ಫ್ಲ್ಯಾಕ್ ಫೈಲು ತನ್ನ ಮೂಲನಾದದ ಇಂಥ ಸಂಖ್ಯೆಯನ್ನು ತನ್ನ ಶಿರೋಭಾಗದಲ್ಲಿಯೇ ಹೊತ್ತುಕೊಂಡಿರುತ್ತದೆ. ನಾದವನ್ನು ಬಿಚ್ಚಿ ಆ ಸಂಖ್ಯೆಯೊಡನೆ ಹೋಲಿಸುವ ಒಂದು ಆಜ್ಞೆಯಿಂದ ಇಡೀ ಸಂಗ್ರಹದ ಆರೋಗ್ಯವನ್ನು ಅರಿಯಬಹುದು. ಆರು ತಿಂಗಳಿಗೊಮ್ಮೆಯಾದರೂ ಹೀಗೆ ಮಾಡದ ಭಂಡಾರವನ್ನು ಸುರಕ್ಷಿತವೆನ್ನಲಾಗದು.

ಒಂದು ಮಹಾಭಂಡಾರದ ಅನುಭವ

ಬ್ರಿಟಿಷ್ ಲೈಬ್ರರಿಯು ತನ್ನ ಅಂಕರೂಪದ ಸಂಗ್ರಹಕ್ಕೆ ರೂಪಿಸಿಕೊಂಡ ವ್ಯವಸ್ಥೆಯಲ್ಲಿ ಈ ತತ್ತ್ವಗಳೆಲ್ಲ ಕಾರ್ಯರೂಪಕ್ಕೆ ಬಂದಿದ್ದವು. ಲಂಡನ್, ಯಾರ್ಕ್‌ಷೈರಿನ ಬೋಸ್ಟನ್ ಸ್ಪಾ, ವೇಲ್ಸಿನ ಅಬೆರಿಸ್ಟ್ವಿತ್, ಸ್ಕಾಟ್ಲೆಂಡಿನ ಎಡಿನ್‌ಬರೋ ಎಂಬ ನಾಲ್ಕು ದೂರದೂರದ ಊರುಗಳಲ್ಲಿ ನಾಲ್ಕು ಪ್ರತಿಗಳಿದ್ದು, ಒಂದು ನೆಲೆಯಲ್ಲಿ ಕೆಟ್ಟುದನ್ನು ಮತ್ತೊಂದರಿಂದ ತಿದ್ದಿಕೊಳ್ಳುವ ಏರ್ಪಾಡಿತ್ತು. 2023ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ಒಂದು ಗುಂಪು ಜಾಲದ ಮೂಲಕ ಆ ಸಂಸ್ಥೆಯೊಳಗೆ ನುಗ್ಗಿ, ಮಾಹಿತಿಯನ್ನು ಕದ್ದು, ಕಂಪ್ಯೂಟರುಗಳನ್ನು ನಿರುಪಯೋಗಗೊಳಿಸಿ, ಹಣಕ್ಕಾಗಿ ಬೇಡಿಕೆಯಿಟ್ಟಿತು. ಸಂಸ್ಥೆಯು ಹಣವನ್ನು ತೆರಲಿಲ್ಲ. ಅಂಕರೂಪದ ಸಂಗ್ರಹಗಳ ಸುರಕ್ಷಿತ ಪ್ರತಿಗಳು ಉಳಿದುಕೊಂಡಿದ್ದವು. ಆದರೆ ಆ ಪ್ರತಿಗಳನ್ನು ಮರಳಿ ನೆಲೆಗೊಳಿಸಬೇಕಾದ ಯಂತ್ರಾಂಗವೇ ನಾಶವಾಗಿದ್ದುದರಿಂದ, ಧ್ವನಿಗಳೂ ಸೇರಿದಂತೆ ಹಲವು ಸೇವೆಗಳು ಬಹುಕಾಲ ಓದುಗರಿಗೆ ದೊರೆಯದೆ ಹೋದವು. ತನಗೊದಗಿದ ಈ ಆಪತ್ತನ್ನೂ ಅದರ ಕಾರಣಗಳನ್ನೂ ಮುಚ್ಚಿಡದೆ ಆ ಸಂಸ್ಥೆಯು 2024ರ ಮಾರ್ಚಿನಲ್ಲಿ ವಿವರವಾದ ವರದಿಯಾಗಿ ಪ್ರಕಟಿಸಿ, ಇತರ ಭಂಡಾರಗಳಿಗೆ ಉಪಕಾರ ಮಾಡಿದೆ.

ಇದರಿಂದ ನಾವು ಕಲಿಯಬೇಕಾದುದು ಎರಡು ಮಾತು. ಜಾಲಕ್ಕೆ ಸದಾ ಜೋಡಿಸಿಕೊಂಡಿರುವ ಪ್ರತಿಗಳು ನಾಲ್ಕು ಊರುಗಳಲ್ಲಿದ್ದರೂ, ಜಾಲದ ಮೂಲಕ ಬರುವ ಶತ್ರುವಿನ ದೃಷ್ಟಿಯಲ್ಲಿ ಅವು ಒಂದೇ ಊರಿನಲ್ಲಿದ್ದಂತೆ. ಆದುದರಿಂದ ಒಂದು ಪ್ರತಿಯಾದರೂ ತಂತಿ ಕಿತ್ತು ಬೇರ್ಪಡಿಸಿದ ಸ್ಥಿತಿಯಲ್ಲಿರಬೇಕು. ಎರಡನೆಯದಾಗಿ, ಪ್ರತಿಯಿದ್ದ ಮಾತ್ರಕ್ಕೆ ಸಾಲದು. ಅದರಿಂದ ಸಂಗ್ರಹವನ್ನು ಮರಳಿ ಕಟ್ಟುವ ಕ್ರಮವನ್ನು ಆಪತ್ತು ಬರುವುದಕ್ಕೆ ಮೊದಲೇ ಮಾಡಿ ನೋಡಿರಬೇಕು.

ಆಯ್ಕೆ

ಇನ್ನು ನಿರ್ಣಯಕ್ಕೆ ಬರಬಹುದು. ಹತ್ತು ಸಾವಿರ ಗಂಟೆಗಳ ಸಂಗ್ರಹವುಳ್ಳ ಮನೆಗೆ ಅಥವಾ ಸಣ್ಣ ಸಂಸ್ಥೆಗೆ, ನಿತ್ಯದ ಬಳಕೆಗಾಗಿ ಬಿಡಿಪಥದ ಎರಡು ದೊಡ್ಡ ಹಾರ್ಡ್ ಡಿಸ್ಕುಗಳು ಒಂದರ ಪ್ರತಿಬಿಂಬವಾಗಿ ಮತ್ತೊಂದು ಇರುವ ಪೆಟ್ಟಿಗೆ, ಸೂಚಿಗಾಗಿ ಒಂದು ಸಣ್ಣ ಎಸ್.ಎಸ್.ಡಿ., ವಿದ್ಯುತ್ತು ಹೋದಾಗ ಡಿಸ್ಕುಗಳನ್ನು ಕ್ರಮವಾಗಿ ನಿಲ್ಲಿಸಲು ಒಂದು ಯು.ಪಿ.ಎಸ್.; ಇವಲ್ಲದೆ, ಬೇರೊಂದು ಕಂಪನಿಯ ಡಿಸ್ಕಿನಲ್ಲಿ ತಿಂಗಳಿಗೊಮ್ಮೆ ಬರೆದು ಕಳಚಿಡುವ ಪ್ರತಿ, ಬೇರೊಂದು ಊರಿನ ಬಂಧುಗಳ ಮನೆಯಲ್ಲಿಯೋ ಬಾಡಿಗೆಯ ದೂರಸಂಗ್ರಹದಲ್ಲಿಯೋ ಇನ್ನೊಂದು ಪ್ರತಿ, ಇಷ್ಟು ಸಾಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪರಸ್ಥಳ ಎಂದು ಪ್ರಸಿದ್ಧವಾದ ನಿಯಮವು ಇದರಿಂದ ನೆರವೇರುತ್ತದೆ. ನೂರಾರು ಟೆರಾಬೈಟುಗಳ ಸಂಸ್ಥೆಗಳಿಗೆ, ಪರಸ್ಥಳದ ಪ್ರತಿಗೆ ಕಾಂತಪಟ್ಟಿಯೇ ಇಂದಿಗೂ ಲಾಭಕರ. 2021ರಲ್ಲಿ ಬಂದ, ಎಲ್.ಟಿ.ಒ. ಎಂಬ ಬಗೆಯ ಕಾಂತಪಟ್ಟಿಯ ಒಂಬತ್ತನೆಯ ತಲೆಮಾರಿನ ಒಂದೊಂದು ಪಟ್ಟಿಯೂ 18 ಟೆರಾಬೈಟನ್ನು ಧರಿಸುತ್ತದೆ, ಕಪಾಟಿನಲ್ಲಿರುವಾಗ ವಿದ್ಯುತ್ತನ್ನು ಬೇಡುವುದಿಲ್ಲ, ಜಾಲದ ಕಳ್ಳನ ಕೈಗೆ ಎಟಕುವುದೂ ಇಲ್ಲ. ಅದನ್ನು ಓದುವ ಯಂತ್ರದ ಬೆಲೆಯೊಂದೇ ಗೃಹಸ್ಥನಿಗೆ ಅಡ್ಡಿ.

ಡಿಸ್ಕುಗಳನ್ನು ಐದಾರು ವರ್ಷಗಳಿಗೊಮ್ಮೆ, ಇನ್ನೂ ಚೆನ್ನಾಗಿ ಓಡುತ್ತಿರುವಾಗಲೇ, ಹೊಸದಕ್ಕೆ ದಾಟಿಸಿಕೊಳ್ಳತಕ್ಕದ್ದು. ಸಂಗ್ರಹವನ್ನು ಕೂಡಿಸಿದವನ ಆಯುಸ್ಸಿಗೂ ಮಿತಿಯುಂಟಾದುದರಿಂದ, ಪ್ರತಿಗಳು ಎಲ್ಲಿವೆ, ಯಾವ ರೂಪದಲ್ಲಿವೆ, ಯಾವ ಗುಪ್ತಪದದಿಂದ ತೆರೆಯುತ್ತವೆ, ಹೇಗೆ ಪರೀಕ್ಷಿಸಬೇಕು, ಯಾವ ಧ್ವನಿ ಯಾರದು ಎಂಬುದನ್ನೆಲ್ಲ ಸರಳವಾದ ಭಾಷೆಯಲ್ಲಿ ಕಾಗದದ ಮೇಲೆ ಬರೆದು, ಮುಂದೆ ನೋಡಿಕೊಳ್ಳತಕ್ಕವರ ಕೈಗೆ ಈಗಲೇ ಒಪ್ಪಿಸಿರಬೇಕು. ಇಷ್ಟನ್ನು ಮಾಡಿದವನಿಗೆ ಯಾವ ಕಂಪನಿಯ ಡಿಸ್ಕು ಶ್ರೇಷ್ಠವೆಂಬ ಪ್ರಶ್ನೆಯು ಅಷ್ಟಾಗಿ ಬಾಧಿಸದು. ಏಕೆಂದರೆ ಯಾವ ಡಿಸ್ಕು ಯಾವ ದಿನ ಕೆಟ್ಟರೂ ಸಂಗ್ರಹಕ್ಕೆ ಕುಂದು ಬಾರದಂತೆ ಅವನು ಏರ್ಪಾಡು ಮಾಡಿಕೊಂಡಿರುತ್ತಾನೆ, ಮತ್ತು ಆ ಏರ್ಪಾಡನ್ನು ತನ್ನ ಅನಂತರವೂ ನಡೆಯಿಸಬಲ್ಲವರನ್ನು ಸಿದ್ಧಗೊಳಿಸಿರುತ್ತಾನೆ.